ಗೀರಿನ ಮೇಲೆ ಎರಡು ಬೆರಳು

ನಾನು ಲಗ್ನವಾಗಿ ಬೆಟಗೇರಿಗೆ ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ನನ್ನ ತವರು ಲಕ್ಷ್ಮೇಶ್ವರ. ಅಲ್ಲಿಯವರೆಗೆ ಸಂಸ್ಥಾನದ ಊರಾಗಿದ್ದದ್ದು ಅದೇ ವರ್ಷ ಮುಂಬಯಿ ಪ್ರಾಂತಕ್ಕೆ ಸೇರಿತ್ತು. "ಊರೂ ಮಗಳೂ ಒಂದ ವರ್ಷ ಮಂದಿ ಪಾಲಾದ್ವು ನೋಡ್ರಿ" ಎಂದು ನಮ್ಮಪ್ಪ ಬೀಗರ ಮುಂದೆ ನಗುತ್ತ ಹೇಳಿ, ಆಮೇಲೆ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡಿದ್ದ.

ಗಂಡನ ಮನೆಯಲ್ಲಿ ಅತ್ತೆ ಇರಲಿಲ್ಲ. ಮಾವ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇದ್ದವರು ನಮ್ಮ ಯಜಮಾನರು, ಅವರ ಅಕ್ಕ, ಮತ್ತು ಅಂಗಳದ ಬೇವಿನ ಮರದ ಕೆಳಗೆ ಒಂದು ಹಳೆಯ ಲಾರಿ. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ ಗಾಡಿ ಅದು. ಮಾವ ಕೊಂಡು ತಂದದ್ದು. ಲಕ್ಷ್ಮೇಶ್ವರ, ಅಡರಕಟ್ಟಿ, ಶಿರಹಟ್ಟಿ ಕಡೆಯಿಂದ ಹತ್ತಿಯನ್ನೂ ಶೇಂಗಾ ಚೀಲಗಳನ್ನೂ ಗದಗಿನ ಪೇಟೆಗೆ ತರುವುದು ಅದರ ಕೆಲಸ.

ಆ ಅಕ್ಕ, ನನ್ನ ನಾದಿನಿ, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಎದುರಿಗೆ ನಾನು ಅವಳಿಗೆ 'ರಿ' ಹಚ್ಚಿಯೇ ಮಾತಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವಳು 'ಅವಳು'. ಈಗ ಬರೆಯುವಾಗಲೂ ಹಾಗೇ ಬರುತ್ತಿದೆ, ಬರಲಿ.

ಮಾವನ ಕೊನೆಯ ದಿನಗಳಲ್ಲಿ ಅವರಿಗೆ ಕಣ್ಣು ಮಂಜಾಗಿತ್ತಂತೆ. ಆಗ ಲಾರಿಯ ಬಾನೆಟ್ ಎತ್ತಿ, ಎಂಜಿನ್ನಿನ ಎಣ್ಣೆ ಎಷ್ಟಿದೆ ಎಂದು ಕಡ್ಡಿ ಎಳೆದು ನೋಡಿ ಹೇಳುವ ಕೆಲಸ ಮಗಳಿಗೆ ಬಿತ್ತು. ಮಾವ ಹೋದ ಮೇಲೂ ಅದು ಅವಳ ಕೈಯಲ್ಲೇ ಉಳಿಯಿತು.

ದಿನಾ ಬೆಳಿಗ್ಗೆ ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬರುವ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಲಾರಿಯ ಮುಂದೆ ನಿಂತಿರುತ್ತಿದ್ದರು. ಅವಳು ಆಯಿಲ್ ಕಡ್ಡಿಯನ್ನು ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಇಳಿಸಿ, ಮತ್ತೆ ಎಳೆಯುತ್ತಿದ್ದಳು. ಎಣ್ಣೆಯ ಅಳತೆಗೆಂದು ಕಡ್ಡಿಯ ಮೇಲೆ ಒಂದು ಗೀರು ಕೊರೆದಿತ್ತು. ತುದಿಯಲ್ಲಿ ಹತ್ತಿದ ಎಣ್ಣೆಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ತೋರುಬೆರಳಿನಿಂದ ತಿಕ್ಕಿ ನೋಡುತ್ತಿದ್ದಳು, ಮರಳಿನ ಹಾಗೆ ಏನಾದರೂ ತಾಕುತ್ತದೆಯೇ ಎಂದು. ಪೆಟ್ರೋಲ್ ವಾಸನೆ ಬಂದೀತೇ ಎಂದು ಮೂಸಿ ನೋಡುತ್ತಿದ್ದಳು. ನೀರು ಸೇರಿದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದಂತೆ, ಅದನ್ನೂ ನೋಡುತ್ತಿದ್ದಳು.

"ಎಷ್ಟೈತಿ ಅಕ್ಕಾ?"

"ಗೀರಿನ ಮ್ಯಾಲ ಎರಡು ಬೆರಳ ಐತಿ. ಹೋಗಿ ಬಾ."

ಇಷ್ಟಕ್ಕೆ ಯಜಮಾನರ ಮುಖ ಅರಳುತ್ತಿತ್ತು. ಎಣ್ಣೆ ಇಳಿದಿದ್ದ ದಿನ "ಅರ್ಧ ಬೆರಳ ಕಮ್ಮಿ ಐತಿ ತಮ್ಮಾ" ಎನ್ನುತ್ತಿದ್ದಳು. ಅವರು ಡಬ್ಬಿ ತಂದು ಸುರಿಯುತ್ತಿದ್ದರು. ಆಮೇಲೆ ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ, ನಿನ್ನೆ ಏರಿನಲ್ಲಿ ಎಂಜಿನ್ ಹೇಗೆ ಉಸಿರು ಬಿಟ್ಟಿತು, ಹೊಗೆ ಯಾವ ಬಣ್ಣಕ್ಕಿತ್ತು ಎಂದು ಅರ್ಧ ಗಂಟೆ ಮಾತು.

ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದೆ. ಅದು ಆರಿ ಕೆನೆ ಕಟ್ಟುತ್ತಿತ್ತು. ನನ್ನ ಜೊತೆ ಅವರು ದಿನಕ್ಕೆ ಆಡುತ್ತಿದ್ದದ್ದು "ಊಟ ಆತೇನು", "ಬಾಗಲಾ ಹಾಕ್ಕೋ", "ತಡಾ ಆಗತೈತಿ", ಇಂಥವೇ ನಾಲ್ಕು ಮಾತು. ಕೆಟ್ಟವರಲ್ಲ. ಸಂಕೋಚದ ಮನುಷ್ಯ. ಆದರೆ ಅಕ್ಕನ ಮುಂದೆ ಆ ಸಂಕೋಚ ಎಲ್ಲಿ ಹೋಗುತ್ತಿತ್ತೋ! ಓಣಿಯ ತುಂಬ ಮಗ್ಗದ ಸಪ್ಪಳ, ಆ ಸಪ್ಪಳದ ನಡುವೆಯೂ ಅವರಿಬ್ಬರ ನಗು ನನಗೆ ಬೇರೆಯಾಗಿ ಕೇಳುತ್ತಿತ್ತು.

ಒಂದು ದಿನ ಅವಳು ಒಳಗೆ ಬಂದು, "ತಂಗೀ, ಕಡ್ಡಿ ಒರಸಾಕ ಒಂದು ಮೆತ್ತನ್ನ ಅರಿವಿ ಐತೇನು? ಇದರ ನೂಲು ಬಿಚ್ಚಾಕತ್ತೈತಿ. ಎಂಜಿನ್ ಒಳಗ ನೂಲು ಬೀಳಬಾರದು" ಎಂದಳು.

ನನ್ನ ಟ್ರಂಕಿನಲ್ಲಿ ಹಳೆಯ ಸೀರೆಯ ತುಂಡುಗಳ ಒಂದು ಗಂಟೇ ಇತ್ತು. "ಇಲ್ರಿ ಅಕ್ಕಾರ" ಎಂದೆ.

ಅವಳು ಟ್ರಂಕಿನ ಕಡೆ ನೋಡಲಿಲ್ಲ. ತನ್ನ ಹಳೇ ಸೀರೆಯನ್ನೇ ಹರಿದಳು. ಅದಕ್ಕೂ ನನಗೆ ಸಿಟ್ಟು ಬಂತು.

ಕೇಳಿದ್ದರೆ ಕಡ್ಡಿ ನೋಡುವುದನ್ನು ಅವಳೇ ಕಲಿಸುತ್ತಿದ್ದಳು. ಕೇಳುವುದಕ್ಕೆ ನನಗೆ ಮನಸ್ಸಿರಲಿಲ್ಲ. ಅಡುಗೆಮನೆಯ ಕಿಡಕಿ ಅಂಗಳದ ಕಡೆಗಿತ್ತು. ಹಿಟ್ಟು ನಾದುತ್ತ ಅಲ್ಲಿಂದಲೇ ನೋಡಿ ನೋಡಿ ಕಲಿತೆ. ಮೊದಲು ಎಳೆದಾಗ ಕಾಣುವುದನ್ನು ನಂಬಬಾರದು, ಒರೆಸಿ ಎರಡನೆಯ ಸಲ ಎಳೆದಾಗ ಕಾಣುವುದೇ ಖರೆ. ಗಾಡಿ ಸಮನಾದ ಜಾಗದಲ್ಲಿ ನಿಂತಿರಬೇಕು. ಎಂಜಿನ್ ಆರಿ ಎಣ್ಣೆ ಕೆಳಗೆ ಇಳಿದಿರಬೇಕು. ಇಷ್ಟೂ ಕಿಡಕಿಯಿಂದ ತಿಳಿಯಿತು. ತಿಳಿಯದೆ ಉಳಿದದ್ದು ಒಂದೇ. ಎಣ್ಣೆ ಗೀರಿಗೆ ಮುಟ್ಟಿದರೆ ಸಾಕಲ್ಲವೇ, ಎರಡು ಬೆರಳು ಮೇಲೆ ಯಾಕೆ? ಅದನ್ನು ನಾನು ಅವರಿಬ್ಬರ ಹೆಚ್ಚಿನ ಮುದ್ದು ಎಂದುಕೊಂಡೆ. ಮಗುವಿಗೆ ಹೊಟ್ಟೆ ತುಂಬಿದ ಮೇಲೂ ಇನ್ನೊಂದು ತುತ್ತು ಇಟ್ಟ ಹಾಗೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಮುಂಡರಗಿಯಲ್ಲಿದ್ದ ಅವರ ಸೋದರತ್ತೆ ಬಿದ್ದು ಕಾಲು ಮುರಿದುಕೊಂಡಳು. ನೋಡಿಕೊಳ್ಳಲು ನಾದಿನಿ ಹೋಗಬೇಕಾಯಿತು. ಹೊರಡುವ ದಿನ ಕೈಯಲ್ಲಿ ಗಂಟು ಹಿಡಿದವಳು ಬಾಗಿಲಿಂದ ತಿರುಗಿ ಬಂದಳು.

"ತಂಗೀ, ಆ ಕಡ್ಡೀದು ಒಂದು ಮಾತೈತಿ, ಕೇಳಿಲ್ಲೆ..."

"ದಿನಾ ನೋಡಾಕತ್ತೇನಿ ಅಕ್ಕಾರ. ನಂಗೆಲ್ಲಾ ಗೊತ್ತೈತಿ. ನಿಮ್ಮ ಬಸ್ಸ್ ತಪ್ಪೀತು, ನಡೀರಿ."

ಅವಳು ಗಂಟನ್ನು ಕಂಕುಳಿಗೆ ಏರಿಸಿಕೊಂಡಳು. "ಆತವಾ" ಎಂದು ಹೋದಳು. ಓಣಿಯ ತಿರುವಿನಲ್ಲಿ ಅವಳ ಬಿಳಿ ಸೆರಗು ಮರೆಯಾದಾಗ ನನಗೆ ಆದ ಖುಷಿಯನ್ನು ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಅವರು ಬಾನೆಟ್ ಎತ್ತುವ ಹೊತ್ತಿಗೆ ನಾನು ಅರಿವೆ ಹಿಡಿದು ಅಲ್ಲಿದ್ದೆ. ನನ್ನ ಟ್ರಂಕಿನ ಅರಿವೆ, ಎಲ್ಲಕ್ಕಿಂತ ಮೆತ್ತಗಿನದು. ಕಡ್ಡಿ ಎಳೆದೆ, ಒರೆಸಿದೆ, ಇಳಿಸಿದೆ, ಮತ್ತೆ ಎಳೆದೆ. ಹೆಬ್ಬೆರಳಿಗೆ ಹಚ್ಚಿ ತಿಕ್ಕಿದೆ. ಮೂಸಿದೆ.

"ಗೀರಿನ ಮ್ಯಾಲ ಎರಡು ಬೆರಳ ಐತ್ರಿ. ಹೋಗಿ ಬರ್ರಿ."

ಅವರು ಬಾಯಿ ತೆರೆದು ನನ್ನನ್ನು ನೋಡಿದರು. "ಎಲ್ಲಿ ಕಲತಿ ಇದನ್ನ?"

"ಕಿಡಕ್ಯಾಗ."

ಅವರು ಗಟ್ಟಿಯಾಗಿ ನಕ್ಕರು. ನಾನಾಡಿದ ಮಾತಿಗೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಆ ಬೆಳಿಗ್ಗೆ ಚಹಾವನ್ನು ಲಾರಿಯ ಮಡ್‌ಗಾರ್ಡಿನ ಮೇಲೆ ಇಟ್ಟುಕೊಂಡು ಬಿಸಿಯಾಗಿಯೇ ಕುಡಿದರು. ಅಡರಕಟ್ಟಿಯ ರಸ್ತೆ ಹೇಗೆ ಕಿತ್ತುಹೋಗಿದೆ, ಶಿರಹಟ್ಟಿಯಲ್ಲಿ ಹಮಾಲರು ಹೇಗೆ ತಡ ಮಾಡುತ್ತಾರೆ, ಎಲ್ಲ ಹೇಳಿದರು. ನಾನು "ಹೌದ್ರಿ, ಹೌದ್ರಿ" ಎನ್ನುತ್ತ ನಿಂತೆ. ಲಾರಿ ಹೊರಗೆ ಹೋದ ಮೇಲೂ ಎಷ್ಟೋ ಹೊತ್ತು ಅಂಗಳದಲ್ಲೇ ಇದ್ದೆ.

ಎರಡು ದಿನ ಎಣ್ಣೆ ಅಲ್ಲೇ ಇತ್ತು. ಮೂರನೆಯ ದಿನ ಒಂದು ಬೆರಳು ಇಳಿದಿತ್ತು. ಹತ್ತಿಯ ಹಂಗಾಮು, ಗಾಡಿ ದಿನಕ್ಕೆ ಎರಡು ಸಲ ಓಡುತ್ತಿತ್ತು. ಹಳೇ ಎಂಜಿನ್ ಎಣ್ಣೆ ಸುಡುತ್ತಿತ್ತು. ಅವರು ಹಗ್ಗ ಸುತ್ತುತ್ತ ಆಚೆ ಬದಿಯಿಂದ ಕೂಗಿದರು, "ಎಷ್ಟೈತಿ?"

ಒಂದು ಬೆರಳು ಎನ್ನಬಹುದಿತ್ತು. ನನಗೆ ಆ ಮಾತು ಬೇಡವಾಗಿತ್ತು. ಅವಳು ಹೇಳುತ್ತಿದ್ದ ಮಾತನ್ನೇ, ಅವಳು ಹೇಳುತ್ತಿದ್ದ ಹಾಗೆಯೇ ಹೇಳಬೇಕಿತ್ತು. ಅದಕ್ಕೆ ಅವರ ಮುಖ ಅರಳುವುದನ್ನು ನೋಡಬೇಕಿತ್ತು. "ಎರಡು ಬೆರಳ ಮ್ಯಾಲ ಐತ್ರಿ" ಎಂದೆ. ಅರಳಿತು.

ನಾಲ್ಕನೆಯ ದಿನ ಎಣ್ಣೆ ಸರಿಯಾಗಿ ಗೀರಿಗೆ ನಿಂತಿತ್ತು. ಗೀರಿಗೆ ಇದೆಯಲ್ಲ, ಕಮ್ಮಿಯೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐದನೆಯ ದಿನ ಗೀರಿಗಿಂತ ಒಂದು ಕೂದಲೆಳೆ ಕೆಳಗೆ. ಎರಡು ದಿನವೂ ಅದೇ ಮಾತು ಹೇಳಿದೆ. ಅವರೂ ನಂಬಿ ಹೊರಟರು.

ಐದನೆಯ ದಿನ ಮಧ್ಯಾಹ್ನ ಲಕ್ಷ್ಮೇಶ್ವರದ ಕಡೆಯಿಂದ ಬಂದ ಬಸ್ಸಿನ ಡ್ರೈವರ್ ಮನೆಯ ಮುಂದೆ ನಿಂತು ಖಬರು ಹೇಳಿದ. "ಅಕ್ಕಾರ, ನಿಮ್ಮ ಗಾಡಿ ಮಾಗಡಿ ಕೆರಿ ಹತ್ರ ನಿಂತೈತ್ರಿ. ನಿಮ್ಮ ಯಜಮಾನ್ರು ಆರಾಮ ಅದಾರ, ಗಾಡಿಗೇ ಪೆಟ್ಟಾಗೈತಿ."

ರೊಟ್ಟಿ ಕಟ್ಟಿಕೊಂಡು ಮುಂದಿನ ಬಸ್ಸಿಗೆ ಹೋದೆ. ಕೆರೆಯ ಬದಿಯ ರಸ್ತೆಯಲ್ಲಿ ಹತ್ತಿ ಹೇರಿದ ಲಾರಿ ಗಾಳಿಗೆ ಬೆನ್ನು ಮಾಡಿ ನಿಂತಿತ್ತು. ಆಚೆ ನೀರಿನ ತುಂಬ ಚಳಿಗಾಲಕ್ಕೆಂದು ದೂರದೇಶದಿಂದ ಬಂದ ಹಕ್ಕಿಗಳು. ಅವರು ಲಾರಿಯ ಕೆಳಗೆ ಅಂಗಾತ ಮಲಗಿದ್ದರು. ಬರೀ ಕಾಲು ಕಾಣುತ್ತಿದ್ದವು.

"ಏನಾತ್ರಿ?"

"ಒಳಗ ಯಾರೋ ಸುತ್ತಿಗಿ ತಗೊಂಡು ಬಡದ್ಹಂಗಾತು. ಬಂದ್ ಮಾಡಿಬಿಟ್ಟೆ. ಬೇರಿಂಗ್ ಹೋಗ್ಯಾವ." ಹೊರಗೆ ಬಂದು ಎದ್ದು ಕುಳಿತರು. ಮುಖ ಧೂಳು, ಕೈ ಕಪ್ಪು. ಕಡ್ಡಿಯನ್ನು ಎಳೆದು ನನ್ನ ಮುಂದೆ ಹಿಡಿದರು. ತುದಿಯಲ್ಲಿ ಒಂದು ಹನಿ ಸುಟ್ಟ ಎಣ್ಣೆ, ಅಷ್ಟೇ. "ಮುಂಜಾನಿ ನೀ ನೋಡಿದಾಗ ಎಷ್ಟಿತ್ತು?"

ಈಗ ಹೇಳಿಬಿಡಬೇಕು ಎಂದುಕೊಂಡೆ.

"ಎರಡು ಬೆರಳ ಮ್ಯಾಲ ಇತ್ರಿ."

"ಹಂಗಾರ ಎಲ್ಲೋ ಸೋರೈತಿ" ಎಂದು ಅವರು ಮತ್ತೆ ಕೆಳಗೆ ಹೋದರು.

ಇಲ್ಲದ ಸೋರಿಕೆಯನ್ನು ಅವರು ಹೊತ್ತು ಇಳಿಯುವವರೆಗೂ ಹುಡುಕಿದರು. ಒಂದೊಂದು ಬೋಲ್ಟನ್ನೂ ಬೆರಳಿನಿಂದ ಸವರಿ ನೋಡಿದರು. ನಾನು ರೊಟ್ಟಿ ಕಟ್ಟಿ ತಂದಿದ್ದ ಅರಿವೆ ಕೇಳಿ ತೆಗೆದುಕೊಂಡು, ಅದರಿಂದ ಎಂಜಿನ್ನಿನ ಅಡಿ ಒರೆಸಿ, ಒದ್ದೆಯಾಗುತ್ತದೆಯೇ ಎಂದು ಕಾದು, ಮತ್ತೆ ಒರೆಸಿದರು. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದೆ. ನೀರಿನ ಮೇಲಿನ ಹಕ್ಕಿಗಳು ಒಟ್ಟಿಗೆ ಎದ್ದು ಹೊಲಗಳ ಕಡೆ ಹೋದವು. ಆ ಗದ್ದಲಕ್ಕೆ ಅವರು ತಲೆ ಹೊರಗೆ ಹಾಕಿ, "ಅಕ್ಕ ಇದ್ದಿದ್ರ ಎಲ್ಲಿ ಸೋರೈತಿ ಅಂತ ಒಂದ ಗಳಗಿಗೆ ಹೇಳತಿದ್ಲು" ಎಂದರು.

ಅಷ್ಟು ತಪ್ಪು ಮಾಡಿ ಕೂತಿದ್ದವಳಿಗೆ ಆ ಮಾತು ಕೇಳಿ ಪಶ್ಚಾತ್ತಾಪವಾಗಲಿಲ್ಲ. ಹೊಟ್ಟೆ ಉರಿಯಿತು.

ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಗಾಡಿಯನ್ನು ಬೆಟಗೇರಿಗೆ ಎಳೆದು ತಂದರು. ಸುದ್ದಿ ಮುಟ್ಟಿ ಮೂರನೆಯ ದಿನ ನಾದಿನಿ ಮುಂಡರಗಿಯಿಂದ ಬಂದಳು. ಗಂಟನ್ನು ಕಟ್ಟೆಯ ಮೇಲಿಟ್ಟು ನೇರ ಲಾರಿಯ ಹತ್ತಿರ ಹೋದಳು. ಕಡ್ಡಿ ಎಳೆದು ನೋಡಿದಳು. ಆಮೇಲೆ ಎಂಜಿನ್ನಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು ಎಂದು ನನಗೆ ತಿಳಿಯಿತು.

"ತಮ್ಮಾ, ತಪ್ಪು ನಂದು" ಎಂದಳು. "ಹಳೇ ಕಡ್ಡಿ ಶಿರಹಟ್ಟಿ ದಾರ್‍ಯಾಗ ಎಲ್ಲೋ ಜಾರಿ ಬಿತ್ತಲ್ಲ, ಅಪ್ಪ ಇದನ್ನ ಕಮ್ಮಾರನ ಕಡೆ ಅಂದಾಜಿನ ಮ್ಯಾಲ ಮಾಡಿಸಿದ್ದ. ಎರಡು ಬೆರಳ ಉದ್ದ ಆತು. ತಳಕ್ಕ ಹೆಚ್ಚು ಇಳೀತೈತಿ, ಅದಕ್ಕ ಇದ್ದದ್ದಕ್ಕಿಂತ ಹೆಚ್ಚು ತೋರಸತೈತಿ. ಗೀರಿಗೆ ಮುಟ್ಟೈತಿ ಅಂದ್ರ ಎಣ್ಣಿ ಕಮ್ಮಿ ಐತಿ ಅಂತನ ಅರ್ಥ. ನಿಂಗ ಗೊತ್ತು, ನಂಗ ಗೊತ್ತು. ಈಕಿಗೆ ಹ್ಯಾಂಗ ಗೊತ್ತಾಗಬೇಕು? ನಾ ಹೇಳದ ಹೋದೆ."

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಹೇಳಲು ಬಂದಿದ್ದಳು. ಬಸ್ಸು ತಪ್ಪೀತೆಂದು ನಾನೇ ಓಡಿಸಿದ್ದೆ. ಈಗ ನನ್ನ ತಪ್ಪನ್ನೂ ಅವಳೇ ಹೊತ್ತುಕೊಂಡು ತಮ್ಮನ ಎದುರು ನಿಂತಿದ್ದಾಳೆ. ಅವರು ಅವಳನ್ನು ನೋಡುತ್ತಿದ್ದ ರೀತಿ! ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆನೇನೋ, ಇದು ಆಗಲಿಲ್ಲ.

"ಸುಳ್ಳು!" ಎಂದು ಕೂಗಿದೆ. "ಅಕ್ಕಾರ ಹೇಳಾಕ ಬಂದಿದ್ರು. ನಾನ ಕೇಳಲಿಲ್ಲ. ಮತ್ತ ಎರಡು ಬೆರಳ ಮ್ಯಾಲನೂ ಇರಲಿಲ್ಲ. ಮೂರು ದಿನ ನಾ ಸುಳ್ಳ ಹೇಳೇನಿ. ಮಾಗಡ್ಯಾಗೂ ಸುಳ್ಳ ಹೇಳೇನಿ."

ಒಳ್ಳೆಯತನದಿಂದ ಹೇಳಿದ್ದಲ್ಲ ಅದು. ಒಳ್ಳೆಯವಳಾಗುವುದನ್ನೂ ಅವಳಿಗೆ ಬಿಟ್ಟುಕೊಡಬಾರದೆಂದು ಹೇಳಿದ್ದು.

ಅವರು ಅಕ್ಕನ ಕೈಯಿಂದ ಕಡ್ಡಿ ತೆಗೆದುಕೊಂಡು ಅದರ ಜಾಗಕ್ಕೆ ಇಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಕಮ್ಮಿ ಐತಿ ಅಂತ ಹೇಳಿದ್ರ ನಾ ಬೈತಿದ್ನೇನು?"

"ಬೈತಿರಲಿಲ್ರಿ. ನಗತಿರಲಿಲ್ಲ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಚಪ್ಪಲಿ ಮೆಟ್ಟಿಕೊಂಡು ಮಿಸ್ತ್ರಿಯನ್ನು ಕರೆಯಲು ಗದಗಿನ ಕಡೆ ಹೋದರು. ನಾದಿನಿ ಒಳಗೆ ಬಂದು, ನಾನು ಅರ್ಧಕ್ಕೆ ಬಿಟ್ಟಿದ್ದ ಹಿಟ್ಟನ್ನು ನಾದತೊಡಗಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ನಾನು ಕಟ್ಟೆಯ ಮೇಲೆ ಅಳುತ್ತ ಕೂತೆ.

ಲಾರಿ ಎರಡು ತಿಂಗಳು ಬೇವಿನ ಮರದ ಕೆಳಗೇ ನಿಂತಿತು. ಹಂಗಾಮು ಕೈಬಿಟ್ಟು ಹೋಯಿತು. ಅವರು ಬೇರೆಯವರ ಗಾಡಿ ಹೊಡೆಯಲು ಹೋಗುತ್ತಿದ್ದರು. ನನ್ನ ಮೇಲೆ ಒಮ್ಮೆಯೂ ದನಿ ಎತ್ತಲಿಲ್ಲ. ಮತ್ತೆ ಆ ನಾಲ್ಕು ಮಾತಿಗೇ ಮರಳಿದರು.

ಮಿಸ್ತ್ರಿ ಹೊಸ ಬೇರಿಂಗ್ ಕೂಡಿಸಿ ಎಂಜಿನ್ ಕಟ್ಟಿದ ದಿನ ನಾದಿನಿ ನನ್ನನ್ನು ಅಂಗಳಕ್ಕೆ ಕರೆದಳು. "ಬಾ ತಂಗೀ, ಈ ಕಡ್ಡಿ ಸುಳ್ಳು ಹೇಳೂದು ಬಿಡಸೂಣು. ಈಗ ಎಂಜಿನ್ ಪೂರಾ ಖಾಲಿ ಐತಿ. ಎಷ್ಟು ಎಣ್ಣಿ ಹಿಡೀತೈತಿ ಅಂತ ಮಿಸ್ತ್ರಿ ಹೇಳ್ಯಾನ. ಅಷ್ಟನ್ನ ಅಳದು ಹಾಕೂಣು. ಎಲ್ಲೀಮಟ ಬರತೈತಿ, ಅಲ್ಲೇ ಹೊಸಾ ಗೀರು."

ನಾನು ಅಳತೆಯ ಡಬ್ಬಿ ಹಿಡಿದೆ, ಅವಳು ಲಾಳಿಕೆ ಹಿಡಿದಳು. ಕೊನೆಗೆ ಒಂದು ಡಬ್ಬಿಯಷ್ಟನ್ನು ಕೈಯಲ್ಲಿ ಉಳಿಸಿಕೊಂಡು ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ನಿಲ್ಲಿಸಿ, ಎಣ್ಣೆ ಇಳಿಯಲೆಂದು ಕಾದೆವು. ಆಗ ಎಣ್ಣೆ ನಿಂತಲ್ಲಿ, ಇದಕ್ಕಿಂತ ಇಳಿಯಬಾರದೆಂದು ಕೆಳಗಿನ ಗೀರು; ಉಳಿದ ಡಬ್ಬಿಯನ್ನೂ ಸುರಿದ ಮೇಲೆ, ತುಂಬಿದ್ದಕ್ಕೆ ಮೇಲಿನ ಗೀರು. ಕಮ್ಮಾರನ ಹಳೇ ಗೀರನ್ನು ಅರದಿಂದ ತಿಕ್ಕಿ ಅಳಿಸಿ, ಹೊಸ ಗೀರುಗಳನ್ನು ನಾನೇ ಹಾಕಿದೆ. ಕಡ್ಡಿಯನ್ನು ಅಲ್ಲಾಡದ ಹಾಗೆ ಅವಳು ಹಿಡಿದಿದ್ದಳು.

ಆ ಕೆಲಸ ಮಾಡುತ್ತಲೇ ಅವಳು ಹೇಳಿದ್ದು. "ಹುಬ್ಬಳ್ಳ್ಯಾಗ ಸರಕಾರದವರು ಬಾಣಂತನದ ಕೆಲಸಾ ಕಲಸತಾರಂತ. ಅರ್ಜಿ ಹಾಕೇನಿ. ಕರದಾರ."

ಅರ ನನ್ನ ಕೈಯಲ್ಲೇ ನಿಂತಿತು. "ನನ್ನ ಸಲುವಾಗಿ ಹೊಂಟೀರೇನ್ರಿ?"

"ಅರ್ಧ ನಿನ್ನ ಸಲುವಾಗಿ, ಅರ್ಧ ನನ್ನ ಸಲುವಾಗಿ" ಎಂದಳು. ಈ ಸಲ ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಲಿಲ್ಲ. "ಈ ಮನ್ಯಾಗ ನಂಗ ನಿಂದ್ರಾಕ ಜಾಗಾ ಅಂದ್ರ ಈ ಬಾನೆಟ್ಟಿನ ಮುಂದ ಒಂದ. ನೀ ಬಾಗಲದಾಗ ಚಹಾ ಹಿಡಕೊಂಡು ಬಂದು ನಿಂತ್ರ ನಿನ್ನ ಕೈಬಳಿ ಸಪ್ಪಳಾ ಕೇಳತಿತ್ತು. ಕೇಳಬಾರದು ಅಂತ ಮಾತು ಬೆಳಸತಿದ್ದೆ. ಚಹಾ ಆರತೈತಿ ಅಂತ ಗೊತ್ತಿತ್ತು ನಂಗ."

ನಾನು ಅವಳ ಬಳೆಯಿಲ್ಲದ ಕೈಗಳನ್ನು ನೋಡಿದೆ. "ಮತ್ತೊಂದು ಸಲ ಒರಸ್ರಿ, ಗೀರು ಸರಿ ಬಂದೈತೇನು ನೋಡೂಣು" ಎಂದೆ.

ಅವಳು ಹೋದಳು. ಬೆಳಗಿನ ಹೊತ್ತು ಲಾರಿಯ ಮುಂದೆ ಈಗ ನಾನೊಬ್ಬಳೇ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ತಿಂಗಳುಗಟ್ಟಲೆ ಅಷ್ಟೇ. ಹುಬ್ಬಳ್ಳಿಯಿಂದ ಕಾಗದ ಬಂದ ದಿನ ಮಾತ್ರ ಮಾತು ಹೊರಡುತ್ತಿತ್ತು. ಆ ಕಾಗದಗಳ ಮೇಲೂ ನನಗೆ ಹೊಟ್ಟೆಕಿಚ್ಚು. ಮೊದಲ ಮಗ ಹುಟ್ಟಿದ ಮೇಲೆ ಅವರ ಸಂಕೋಚ ಸ್ವಲ್ಪ ಸ್ವಲ್ಪವೇ ಕರಗಿತು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾನೆಟ್ ಎತ್ತುತ್ತ, ಒಂದು ದಿನ ತಾವಾಗಿಯೇ ನನ್ನನ್ನು ಕೇಳಿದರು, "ಹೊಗಿ ನೀಲಿ ಬರಾಕತ್ತೈತಿ. ಏನಂತಿ ನೀ?" ಆ ಖುಷಿಯಲ್ಲಿ ಅವತ್ತು ಹಂಚಿನ ಮೇಲಿನ ರೊಟ್ಟಿ ಮರೆತು ಕರಕಲು ಮಾಡಿದೆ.

ಕೆಲ ವರ್ಷಗಳ ಮೇಲೆ ಲಾರಿಯನ್ನು ಮಾರಿದೆವು. ಅವರು ಸರಕಾರಿ ಬಸ್ಸಿಗೆ ಡ್ರೈವರ್ ಆಗಿ ಸೇರಿದರು. ನಾದಿನಿಗೆ ಮುಂಡರಗಿಯಲ್ಲಿ ದವಾಖಾನೆಯ ಕೆಲಸ ಸಿಕ್ಕಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಅವಳ ಹೆಸರು ಹೇಳಿದರೆ ಬಸುರಿಯರ ಮುಖದ ಮೇಲೆ ಧೈರ್ಯ ಬರುತ್ತಿತ್ತು ಎಂದು ಕೇಳಿದ್ದೇನೆ.

ನನ್ನ ಮೂರನೆಯ ಹೆರಿಗೆ ಕರ್ನಾಟಕ ಒಂದಾದ ವರ್ಷ. ಮುಂಬಯಿ ಹೋಗಿ ಮೈಸೂರು ರಾಜ್ಯವಾಗಿತ್ತು, ಗದಗಿನ ಕಚೇರಿಗಳ ಬೋರ್ಡಿಗೆ ಹೊಸ ಬಣ್ಣ ಹಚ್ಚುತ್ತಿದ್ದರು. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆ ಎಂದು ಓಣಿಯ ಸೂಲಗಿತ್ತಿ ಹೆದರಿದಳು. ಅವರು ಮುಂಡರಗಿಗೆ ಹೇಳಿಕಳಿಸಿದರು. ಅವಳು ರಜೆ ಹಾಕಿ ಮೊದಲ ಬಸ್ಸಿಗೆ ಬಂದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತುಸುತುಸುವೇ ಒತ್ತಿ ಕೂಸನ್ನು ನೆಟ್ಟಗೆ ತಿರುಗಿಸಿದಳು. ಎಷ್ಟು ಹೊತ್ತಾಯಿತೋ ನನಗೆ ನೆನಪಿಲ್ಲ. ನೋವಿನಲ್ಲಿ ನಾನು ಅವಳ ರಟ್ಟೆ ಕಚ್ಚಿದ್ದೆನಂತೆ.

ಮಧ್ಯಾಹ್ನ ಹೆಣ್ಣು ಹುಟ್ಟಿತು. ಅವಳು ಕೂಸಿಗೆ ನೀರು ಹಾಕಿ, ಒರೆಸಿ, ಬೆಳಕಿನ ಕಡೆ ಹಿಡಿದು ನೋಡುತ್ತ ನಿಂತಳು. ಅವರು ಬಾಗಿಲಿಗೆ ಬಂದು, "ಹ್ಯಾಂಗೈತಿ ಅಕ್ಕಾ?" ಎಂದು ಅವಳನ್ನೇ ಕೇಳಿದರು. ಅಕ್ಕ ತಮ್ಮ ಇಬ್ಬರ ತಲೆಯೂ ಕೂಸಿನ ಮೇಲೆ ಬಾಗಿತು. ಕೂಸು ಕಣ್ಣು ಬಿಟ್ಟದ್ದು ಅವಳ ಮುಖದ ಕಡೆಗೆ.

"ಕೊಡ್ರಿ ಇಲ್ಲೆ ನನ್ನ ಕೂಸನ್ನ" ಎಂದೆ.

"ತಗೊಳವಾ, ತಗೊ. ಯಾರೂ ಒಯ್ಯಂಗಿಲ್ಲ" ಎಂದು ಅವಳು ನಗುತ್ತ ಬಂದು ನನ್ನ ಮಗ್ಗುಲಲ್ಲಿ ಮಲಗಿಸಿದಳು. ರಟ್ಟೆಯ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು. ನಾನು ಕೂಸನ್ನು ಎದೆಗೆ ಒತ್ತಿಕೊಂಡು, ಅವಳಿಗೆ ಕೂರಲು ಹಾಸಿಗೆಯಲ್ಲಿ ಜಾಗ ಬಿಟ್ಟೆ.